ಮೆದ್ವೆಜದ ಗೋರಿಗಳಲ್ಲಿ ಕಂಡದ್ದೇನು?

1732ರ ಜನವರಿಯ ಮೊದಲ ವಾರ. ಸೆರ್ಬಿಯಾದ ಪಶ್ಚಿಮ ಮೊರಾವಾ ನದಿಯ ಬಳಿಯ ಮೆದ್ವೆಜ ಎಂಬ ಹಳ್ಳಿಗೆ ಆಸ್ಟ್ರಿಯಾ ಸೇನೆಯ ಐದು ಮಂದಿಯ ತಂಡವೊಂದು ಬಂದಿತು. ಪದಾತಿ ದಳವೊಂದರ ಶಸ್ತ್ರವೈದ್ಯ ಯೋಹಾನ್ ಫ್ಲುಕಿಂಗರ್ ಅದರ ಮುಂದಾಳು. ಜೊತೆಗೆ ಇಬ್ಬರು ಕಿರಿಯ ಶಸ್ತ್ರವೈದ್ಯರು, ಇಬ್ಬರು ಸೇನಾಧಿಕಾರಿಗಳು. ಈ ಊರಿನಲ್ಲಿ ಸತ್ತವರು ಗೋರಿಯಿಂದೆದ್ದು ಬಂದು ಬದುಕಿರುವವರ ರಕ್ತ ಹೀರುತ್ತಿದ್ದಾರಂತೆ, ನಿಜವೋ ಸುಳ್ಳೋ ನೋಡಿ ವರದಿ ಕೊಡಿ ಎಂಬುದು ಬೆಲ್‌ಗ್ರೇಡಿನಿಂದ ಅವರಿಗೆ ಬಂದಿದ್ದ ಆಜ್ಞೆ.

ಮೂರು ತಿಂಗಳಲ್ಲಿ ಅಲ್ಲಿ 17 ಮಂದಿ ತೀರಿಕೊಂಡಿದ್ದರು. ಕೆಲವರು ಎರಡು ಮೂರು ದಿನ ಮಲಗಿದವರು ಮತ್ತೆ ಏಳಲೇ ಇಲ್ಲ. ಇದಕ್ಕೆ ಮುಂಚೆ ಗ್ಲಾಸರ್ ಎಂಬ ಸೋಂಕುರೋಗದ ವೈದ್ಯ ಬಂದು ಮನೆಮನೆ ಸುತ್ತಿ ಹೋಗಿದ್ದ. ಪ್ಲೇಗ್ ಇರಬಹುದೆಂದು ಹುಡುಕಿದವನಿಗೆ ಅದರ ಸುಳಿವು ಸಿಗಲಿಲ್ಲ. ಕಠಿಣ ಉಪವಾಸ, ಪೌಷ್ಟಿಕವಲ್ಲದ ಊಟ, ಅದರಿಂದ ಬಂದ ಕಾಯಿಲೆ ಎಂದು ಅವನಿಗನ್ನಿಸಿತು. ಊರಿನವರು ಒಪ್ಪಲಿಲ್ಲ. ರಾತ್ರಿಯಾದರೆ ಎರಡು ಮೂರು ಸಂಸಾರಗಳು ಒಂದೇ ಮನೆಯಲ್ಲಿ ಸೇರಿ, ಕೆಲವರು ಮಲಗಿದರೆ ಕೆಲವರು ಎಚ್ಚರವಿದ್ದು ಕಾಯುತ್ತಿದ್ದರು. ಸತ್ತವರನ್ನು ಕೊಲ್ಲಲು ಅಪ್ಪಣೆ ಕೊಡಿ, ಇಲ್ಲವಾದರೆ ಊರನ್ನೇ ಬಿಟ್ಟು ಹೋಗುತ್ತೇವೆ ಎಂದರು.

ಅವರ ಭಯಕ್ಕೆ ಒಂದು ಹಿನ್ನೆಲೆಯಿತ್ತು. ಸುಮಾರು ಐದು ವರ್ಷದ ಹಿಂದೆ ಆರ್ನಾಲ್ಡ್ ಪಾವ್ಲೆ ಎಂಬ ಗಡಿಕಾವಲಿನವನು ಹುಲ್ಲಿನ ಗಾಡಿಯಿಂದ ಬಿದ್ದು, ಕತ್ತು ಮುರಿದು ಸತ್ತಿದ್ದ. ಟರ್ಕಿಯವರ ಆಳ್ವಿಕೆಯ ಸೀಮೆಯಲ್ಲಿದ್ದಾಗ ತನ್ನನ್ನೊಂದು ಪಿಶಾಚಿ ಕಾಡಿತ್ತೆಂದು ಅವನು ಬದುಕಿದ್ದಾಗ ಹೇಳಿಕೊಂಡಿದ್ದ. ಅವನು ಸತ್ತು ತಿಂಗಳು ಕಳೆಯುವಷ್ಟರಲ್ಲಿ, ಪಾವ್ಲೆ ಬಂದು ಪೀಡಿಸುತ್ತಾನೆಂದು ಕೆಲವರು ದೂರಿದರು. ನಾಲ್ವರು ಸತ್ತರು. ನಲವತ್ತನೆಯ ದಿನ ಗೋರಿ ಅಗೆದು ನೋಡಿದರೆ ಹೆಣ ಕೊಳೆತಿರಲಿಲ್ಲ. ಕಣ್ಣು, ಮೂಗು, ಬಾಯಿ, ಕಿವಿಗಳಿಂದ ಹಸಿರಕ್ತ ಹರಿದಿತ್ತು. ಹಳೆಯ ಚರ್ಮ, ಉಗುರು ಕಳಚಿ ಹೊಸತು ಬಂದಿತ್ತು. ಎದೆಗೆ ಗೂಟ ಹೊಡೆದಾಗ ಎಲ್ಲರಿಗೂ ಕೇಳುವಂತೆ ನರಳಿತು ಎಂದರು.

ಈಗ ಫ್ಲುಕಿಂಗರನ ತಂಡ ಮತ್ತೆ ಗೋರಿಗಳನ್ನು ಅಗೆಸಿತು. ಅವರ ವರದಿ ಇಂದಿಗೂ ಓದಲು ಸಿಗುತ್ತದೆ. ಅದರಲ್ಲಿ ಉತ್ಪ್ರೇಕ್ಷೆ ಕಡಿಮೆ, ಸತ್ತವರ ವಯಸ್ಸು, ಹೂತು ಎಷ್ಟು ದಿನವಾಯಿತು, ಎದೆ ಸೀಳಿದಾಗ ಒಳಗೆ ಏನು ಕಂಡಿತು ಎಂಬ ವಿವರಗಳೇ ಹೆಚ್ಚು. ಹೆರಿಗೆಯಲ್ಲಿ ಸತ್ತ 20 ವರ್ಷದ ಸ್ತಾನಾಳನ್ನು ಹೂತು ಎರಡು ತಿಂಗಳಾಗಿತ್ತು, ಆದರೂ ಎದೆಗೂಡಿನಲ್ಲಿ ಹೆಪ್ಪುಗಟ್ಟದ ರಕ್ತವಿತ್ತು. ಸುಮಾರು 60 ವರ್ಷದ ಮಿಲಿತ್ಸಾಳ ದೇಹವಂತೂ ಊರಿನವರನ್ನು ಬೆಚ್ಚಿಬೀಳಿಸಿತು. ಬದುಕಿದ್ದಷ್ಟು ದಿನವೂ ಸಣಕಲಾಗಿದ್ದ ಆ ಮುದುಕಿ ಗೋರಿಯೊಳಗೆ ಮೈ ತುಂಬಿಕೊಂಡು ಮಲಗಿದ್ದಳು. ಕೊಳೆತಿದ್ದ ಹೆಣಗಳನ್ನು ತಂಡ ಮತ್ತೆ ಮಣ್ಣಿಗಿಟ್ಟಿತು. ಕೊಳೆಯದವುಗಳ ತಲೆಯನ್ನು ರೋಮಾ ಜನರ ಕೈಯಿಂದ ಕತ್ತರಿಸಿ, ಸುಟ್ಟು, ಬೂದಿಯನ್ನು ಮೊರಾವಾ ನದಿಗೆ ಚೆಲ್ಲಲಾಯಿತು. ಜನವರಿ 26ರಂದು ಬೆಲ್‌ಗ್ರೇಡಿನಲ್ಲಿ ಐವರೂ ವರದಿಗೆ ಸಹಿ ಹಾಕಿದರು. ಅದೇ ವರ್ಷ ಯುರೋಪಿನ ಪತ್ರಿಕೆಗಳಲ್ಲೆಲ್ಲ ಈ ಸುದ್ದಿ ಹಬ್ಬಿತು, ‘ವ್ಯಾಂಪೈರ್’ ಎಂಬ ಮಾತು ಇಂಗ್ಲಿಷಿನವರ ಮನೆಮಾತಾಯಿತು.

ನನ್ನನ್ನು ಈ ವರದಿಯತ್ತ ಮತ್ತೆ ಮತ್ತೆ ಸೆಳೆಯುವುದು ಒಂದೇ ಸಂಗತಿ. ಅವರು ಕಂಡದ್ದು ಹೆಚ್ಚುಕಡಿಮೆ ಎಲ್ಲವೂ ನಿಜ. ಇಂದಿನ ಯಾವುದೇ ವಿಧಿವಿಜ್ಞಾನ ವೈದ್ಯರಿಗೆ ಆ ಪುಟಗಳನ್ನು ತೋರಿಸಿದರೆ, ಚಳಿಗಾಲದಲ್ಲಿ ಹೂತ ಹೆಣ ಹೀಗೇ ಇರಬೇಕಲ್ಲ ಎಂದಾರು.

ಪ್ರಾಣ ಹೋದ ಮೇಲೆ ದೇಹದಲ್ಲಿ ಏನಾಗುತ್ತದೆ ನೋಡೋಣ. ಹೃದಯ ನಿಂತ ಕೂಡಲೇ ರಕ್ತ ತನ್ನ ಭಾರಕ್ಕೆ ತಾನೇ ಕೆಳಗಿಳಿದು, ನೆಲಕ್ಕೆ ಒತ್ತಿಕೊಂಡಿರುವ ಭಾಗದ ಸುತ್ತಮುತ್ತ ನೇರಳೆ ಕಲೆಯಾಗುತ್ತದೆ. ಕೆಲವು ಗಂಟೆಗಳಲ್ಲಿ ಸ್ನಾಯುಗಳು ಬಿಗಿದು ಮೈ ಸೆಟೆದುಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಆ ಬಿಗಿತ ತಾನಾಗಿಯೇ ಬಿಟ್ಟುಹೋಗಿ ಕೈಕಾಲು ಮತ್ತೆ ಮಡಿಸಿದತ್ತ ಮಡಿಯುತ್ತವೆ. ಹೆಣವೆಂದರೆ ಸೆಟೆದಿರಬೇಕು ಎಂದು ತಿಳಿದವರಿಗೆ ಈ ಮೆತ್ತಗಿನ ಮೈಯೇ ಜೀವದ ಗುರುತಾಯಿತು.

ಅಷ್ಟರಲ್ಲಿ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ಕೆಲಸ ಶುರುವಾಗಿರುತ್ತದೆ. ನಾವು ಬದುಕಿರುವಷ್ಟು ದಿನ ರೋಗನಿರೋಧಕ ವ್ಯವಸ್ಥೆ ಅವನ್ನು ಕರುಳಿನೊಳಗೇ ಕಟ್ಟಿಹಾಕಿರುತ್ತದೆ. ಸತ್ತ ಮೇಲೆ ಆ ಕಾವಲಿಲ್ಲ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಅಂಗಾಂಶಗಳನ್ನು ತಿನ್ನುತ್ತ ಮೀಥೇನ್, ಹೈಡ್ರೋಜನ್ ಸಲ್ಫೈಡ್, ಇಂಗಾಲದ ಡೈಆಕ್ಸೈಡ್ ಅನಿಲಗಳನ್ನು ಬಿಡುತ್ತವೆ. ಹೊಟ್ಟೆ, ಎದೆ, ಮುಖ ಉಬ್ಬುತ್ತವೆ. ಸಣಕಲು ಮಿಲಿತ್ಸಾ ಮೈತುಂಬಿಕೊಂಡದ್ದು ಹೀಗೆ. ಒಳಗಿನ ಒತ್ತಡ ಏರಿದಂತೆ ಶ್ವಾಸಕೋಶ, ಜಠರಗಳಲ್ಲಿನ ಕೆಂಪುಮಿಶ್ರಿತ ದ್ರವ ಬಾಯಿಗೂ ಮೂಗಿಗೂ ನುಗ್ಗುತ್ತದೆ. ರಕ್ತ ಕುಡಿದು ಬಾಯಿ ಒರೆಸಿಕೊಳ್ಳದೆ ಮಲಗಿದಂತೆ ಕಾಣುವುದು ಇದರಿಂದಲೇ.

ಹಾಗಾದರೆ ಎದೆಯಲ್ಲಿ ಹೆಪ್ಪುಗಟ್ಟದ ರಕ್ತ? ಸತ್ತವರ ರಕ್ತ ಮೊದಲು ಹೆಪ್ಪುಗಟ್ಟುತ್ತದೆ, ಆಮೇಲೆ ಎಷ್ಟೋ ಸಲ ಆ ಹೆಪ್ಪು ಕರಗಿ ರಕ್ತ ಮತ್ತೆ ನೀರಾಗುತ್ತದೆ. ಹಠಾತ್ತನೆ ಸತ್ತವರಲ್ಲಿ ಇದು ಹೆಚ್ಚು. ಇನ್ನು ಚರ್ಮ. ಮೇಲ್ಪದರ ಒಳಪದರದಿಂದ ಬಿಡಿಸಿಕೊಂಡು, ಕೈಗವಸು ಕಳಚಿದ ಹಾಗೆ ಉಗುರಿನ ಸಮೇತ ಜಾರಿ ಬರುವುದುಂಟು. ಅದರ ಕೆಳಗಿನ ನುಣುಪು, ಕೆಂಪು ಪದರ ಎಳೆಯ ಚರ್ಮದಂತೆ ಕಾಣುತ್ತದೆ, ಉಗುರಿನ ತಳ ಹೊಸ ಉಗುರಿನಂತೆ. ಚರ್ಮ ಒಣಗಿ ಹಿಂದೆ ಸರಿದಾಗ ಗಡ್ಡದ ಮೊಳಕೆ ಹೊರಗೆ ಕಂಡು, ಗಡ್ಡ ಬೆಳೆದಂತೆ ತೋರುತ್ತದೆ. ಇಂಥ ದೇಹದ ಎದೆಗೆ ಜೋರಾಗಿ ಗೂಟ ಹೊಡೆದರೆ ಒಳಗಿನ ಅನಿಲ ಗಂಟಲ ಮೂಲಕವೇ ನುಗ್ಗಿ ಹೊರಬರುತ್ತದೆ. ಆಗ ಸದ್ದು ಬರುತ್ತದೆ. ಪಾವ್ಲೆಯ ನರಳಿಕೆ ಅದು.

ಎರಡು ತಿಂಗಳಾದರೂ ಕೊಳೆಯದೆ ಇದ್ದುದು ಹೇಗೆ ಎಂಬುದಕ್ಕೆ ಉತ್ತರ ಹತ್ತೊಂಬತ್ತನೆಯ ಶತಮಾನದಲ್ಲಿ ಸಿಕ್ಕಿತು. ಬರ್ಲಿನ್ನಿನ ವಿಧಿವಿಜ್ಞಾನಿ ಯೋಹಾನ್ ಲುಡ್‌ವಿಗ್ ಕಾಸ್ಪರ್ ಒಂದು ಸ್ಥೂಲ ಲೆಕ್ಕ ಕೊಟ್ಟ: ಗಾಳಿಯಲ್ಲಿ ಒಂದು ವಾರ, ನೀರಿನಲ್ಲಿ ಎರಡು ವಾರ, ಮಣ್ಣಿನಲ್ಲಿ ಎಂಟು ವಾರ. ಬಯಲಲ್ಲಿ ಬಿದ್ದ ದೇಹ ವಾರದಲ್ಲಿ ಕೊಳೆಯುವಷ್ಟು ಹೂತ ದೇಹ ಕೊಳೆಯಲು ಸುಮಾರು ಎಂಟು ವಾರ ಬೇಕು. ಮಣ್ಣಿನಡಿ ಗಾಳಿಯಿಲ್ಲ, ನೊಣವಿಲ್ಲ, ಸೆಖೆಯಿಲ್ಲ. ಮೇಲೆ ಬಾಲ್ಕನ್ನಿನ ಚಳಿಗಾಲ ಬೇರೆ. ಸ್ತಾನಾಳ ಎರಡು ತಿಂಗಳು ಅಂದರೆ ಕಾಸ್ಪರನ ಲೆಕ್ಕದಲ್ಲಿ ಒಂದೇ ವಾರ. ಗೋರಿ ಅಗೆದವರಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ. ಯಾರೂ ದಿನಾ ಗೋರಿ ತೆರೆದು ನೋಡುವುದಿಲ್ಲ. ಪಿಶಾಚಿಯ ಅನುಮಾನ ಬಂದಾಗ ಮಾತ್ರ ತೆರೆಯುತ್ತಿದ್ದರು, ತೆರೆದಾಗ ಕಂಡದ್ದನ್ನೆಲ್ಲ ಪಿಶಾಚಿಯ ಲಕ್ಷಣವೆಂದುಕೊಂಡರು. ಅನುಮಾನವಿಲ್ಲದ ಹತ್ತು ಗೋರಿಗಳನ್ನು, ಅದೂ ಬೇರೆ ಊರಿನವನ್ನು, ಅದೇ ಕಾಲದಲ್ಲಿ ಅಗೆದು ಹೋಲಿಸಿದ್ದರೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನು ನಾನು ಈ ವರದಿಯ ಪಕ್ಕದಲ್ಲಿಟ್ಟು ಓದುತ್ತೇನೆ.

ಕೊಳೆಯದ ದೇಹಕ್ಕೆ ಅರ್ಥ ಹಚ್ಚುವುದು ನೋಡುವವರ ನಂಬಿಕೆ. ಧರ್ಮದಿಂದ ಹೊರಹಾಕಿಸಿಕೊಂಡವನ ದೇಹ ಮಣ್ಣಾಗುವುದಿಲ್ಲ, ಅದರೊಳಗೆ ನರಕದ ಶಕ್ತಿ ಹೊಕ್ಕು ಆಡಿಸುತ್ತದೆ ಎಂಬ ನಂಬಿಕೆ ಪೂರ್ವ ಯುರೋಪಿನ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಹರಡಿತ್ತು. ಕ್ಯಾಥೊಲಿಕರಲ್ಲಿ ಅದೇ ಲಕ್ಷಣ ಸಂತತ್ವದ ಗುರುತು. ಇದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಪಕ್ಕದ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹವಿದೆ. 1552ರ ಡಿಸೆಂಬರಿನಲ್ಲಿ ಚೀನಾದ ದ್ವೀಪವೊಂದರಲ್ಲಿ ಸುಣ್ಣ ಹಾಕಿ ಹೂತಿದ್ದ ದೇಹವನ್ನು ಎರಡೂವರೆ ತಿಂಗಳ ಬಳಿಕ ತೆಗೆದಾಗ ಅದು ಕೆಟ್ಟಿರಲಿಲ್ಲ. ಹೂತ ದಿನಗಳ ಲೆಕ್ಕ ಸ್ತಾನಾಳದಕ್ಕಿಂತ ಬಹಳ ಬೇರೆಯಲ್ಲ. ಒಬ್ಬರಿಗೆ ನಾಲ್ಕೂವರೆ ಶತಮಾನದ ಪೂಜೆ ಸಂದಿತು, ಇನ್ನೊಬ್ಬಳನ್ನು ಸುಟ್ಟು ಹೊಳೆಗೆ ಹಾಕಿದರು. ಆ ಹೆಣ್ಣುಮಗಳ ಬಗ್ಗೆ ನನಗೆ ಈಗಲೂ ಸಂಕಟವಾಗುತ್ತದೆ.

ಈ ಬೇಟೆಗೆ ಆಸ್ಟ್ರಿಯಾದ ಆಡಳಿತವೇ ತಡೆ ಹಾಕಿದ್ದು 1755ರಲ್ಲಿ. ಮೊರಾವಿಯಾ ಮತ್ತು ಸೈಲೀಷಿಯಾದ ಗಡಿಯ ಹಳ್ಳಿಯೊಂದರಲ್ಲಿ ರೊಸಿನಾ ಪೊಲಾಕಿನ್ ಎಂಬಾಕೆಯ ಹೆಣವನ್ನು ಹೊರತೆಗೆದು ತಲೆ ಕತ್ತರಿಸಿ ಸುಟ್ಟ ಸುದ್ದಿ ರಾಣಿ ಮರಿಯಾ ತೆರೇಸಾಳ ಕಿವಿಗೆ ಬಿತ್ತು. ಆಕೆ ಇಬ್ಬರು ವೈದ್ಯರನ್ನು ಅಲ್ಲಿಗೆ ಕಳಿಸಿದಳು. ಅವರು ತಂದ ಮಾಹಿತಿಯನ್ನು ಆಸ್ಥಾನ ವೈದ್ಯ ಗೆರಾರ್ಡ್ ಫಾನ್ ಸ್ವೀಟನ್ ಪರಿಶೀಲಿಸಿ, ಇದೆಲ್ಲ ಸಹಜ ಕಾರಣಗಳಿಂದ ಆಗುವಂಥದ್ದು ಎಂದು ಬರೆದುಕೊಟ್ಟ. ಸತ್ತವರ ಗೌರವಕ್ಕೆ ಧಕ್ಕೆ ತಂದದ್ದಕ್ಕೆ ಅವನ ಬರಹದಲ್ಲಿ ಸಿಟ್ಟಿದೆ. ಪಾದ್ರಿಗಳಾಗಲಿ ಊರಿನವರಾಗಲಿ ತಾವಾಗಿಯೇ ಹೆಣ ಅಗೆಯುವುದನ್ನು ರಾಣಿ ನಿಷೇಧಿಸಿದಳು.

ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು. ಹೆಣ ಸಹಜವಾಗಿ ಕೊಳೆಯಿತು, ಸರಿ. ಜನ ಸಾಲಾಗಿ ಸತ್ತದ್ದು ಯಾತರಿಂದ? ಮೆದ್ವೆಜದ ಕಾಯಿಲೆಗೆ ಈಗ ಹೆಸರಿಡುವುದು ಕಷ್ಟ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಎಂಬ ಊರಿನಲ್ಲಿ ನಡೆದದ್ದಕ್ಕೆ ಮಾತ್ರ ಹೆಸರಿದೆ: ಕ್ಷಯ.

ಅಲ್ಲಿನ ರೈತ ಜಾರ್ಜ್ ಬ್ರೌನನ ಹೆಂಡತಿ 1883ರಲ್ಲಿ ಕ್ಷಯದಿಂದ ತೀರಿಕೊಂಡಳು. ಮರುವರ್ಷ ದೊಡ್ಡ ಮಗಳು. ಬಳಿಕ ಮಗ ಎಡ್ವಿನ್ ಕೆಮ್ಮತೊಡಗಿದ. ಒಣಹವೆಯಿಂದ ಗುಣವಾದೀತೆಂದು ಅವನನ್ನು ಕೊಲೊರಾಡೊಗೆ ಕಳಿಸಿದರು. 1892ರ ಜನವರಿಯಲ್ಲಿ 19 ವರ್ಷದ ಮರ್ಸಿ ಎಂಬ ಮಗಳೂ ಹೋದಳು. ಎಡ್ವಿನ್ ಊರಿಗೆ ಮರಳಿದ, ಸೊರಗುತ್ತಲೇ ಇದ್ದ. ಸತ್ತ ಮೂವರಲ್ಲಿ ಯಾರೋ ಅವನ ಜೀವ ಹೀರುತ್ತಿದ್ದಾರೆ ಎಂದು ನೆರೆಹೊರೆಯವರು ಒತ್ತಾಯ ಮಾಡಿದರು. ತಂದೆಗೆ ನಂಬಿಕೆಯಿರಲಿಲ್ಲ, ಆದರೂ ಒಪ್ಪಿದ. ಮಾರ್ಚ್ 17ರಂದು ವೈದ್ಯ ಹೆರಾಲ್ಡ್ ಮೆಟ್‌ಕಾಫ್ ಅವರ ಎದುರಿನಲ್ಲಿ ಮೂವರ ಗೋರಿಗಳನ್ನೂ ತೆರೆದು ನೋಡಿದರು. ತಾಯಿ, ಅಕ್ಕ ಎಲುಬಾಗಿದ್ದರು. ಎರಡೇ ತಿಂಗಳ ಹಿಂದೆ, ಕೊರೆಯುವ ಚಳಿಯಲ್ಲಿ ಸತ್ತ ಮರ್ಸಿಯ ಹೃದಯದಲ್ಲಿ ರಕ್ತವಿತ್ತು. ಇದು ಸಹಜ, ಶ್ವಾಸಕೋಶದಲ್ಲಿ ಕ್ಷಯದ ಗುರುತುಗಳಿವೆ ಎಂದು ವೈದ್ಯರು ಹೇಳಿದರು. ಯಾರೂ ಕಿವಿಗೊಡಲಿಲ್ಲ. ಅವಳ ಹೃದಯ ಮತ್ತು ಯಕೃತ್ತನ್ನು ಬಂಡೆಯ ಮೇಲೆ ಸುಟ್ಟು, ಬೂದಿ ಕಲಸಿ ಎಡ್ವಿನ್‌ಗೆ ಕುಡಿಸಿದರು. ಮೇ 2ರಂದು ಅವನೂ ತೀರಿಕೊಂಡ.

ರಾಬರ್ಟ್ ಕೋಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದುದಾಗಿ ಬರ್ಲಿನ್ನಿನಲ್ಲಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಮರ್ಸಿಯ ಗೋರಿ ತೆರೆಯುವ ಹೊತ್ತಿಗೆ ಅದಕ್ಕೆ ಹೆಚ್ಚುಕಡಿಮೆ ಹತ್ತು ವರ್ಷವಾಗಿತ್ತು. ಆದರೆ ರೋಗಾಣುವಿನ ಹೆಸರು ಗೊತ್ತಾಗಿತ್ತೇ ಹೊರತು ಅದಕ್ಕೆ ಮದ್ದಿರಲಿಲ್ಲ. ಕ್ಷಯಕ್ಕೆ ನಾಟುವ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ವೈದ್ಯರ ಕೈ ಖಾಲಿಯಿದ್ದಾಗ, ಕಣ್ಣೆದುರೇ ಮಗ ಕರಗುತ್ತಿರುವಾಗ, ಅಪ್ಪನೊಬ್ಬ ಅಗೆಯಿರಿ ಎಂದರೆ ಅವನನ್ನು ಮೂಢನೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಎಕ್ಸೆಟರಿನವರು ಒಂದನ್ನಂತೂ ಸರಿಯಾಗಿ ಗಮನಿಸಿದ್ದರು. ಈ ಸಾವು ಮನೆಯೊಳಗೇ ಸುತ್ತುತ್ತದೆ, ಮೊದಲು ಹೋದವರ ಹಿಂದೆ ಅದೇ ಮನೆಯವರು ಹೋಗುತ್ತಾರೆ. ಕ್ಷಯದ ರೋಗಾಣು ಒಂದೇ ಕೋಣೆಯ ಗಾಳಿಯಲ್ಲಿ ತೇಲಿ ಒಬ್ಬರಿಂದೊಬ್ಬರಿಗೆ ದಾಟುತ್ತದೆ, ಒಳಹೊಕ್ಕ ಮೇಲೆ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆಯೆತ್ತಬಲ್ಲದು. ಸತ್ತು ಎಷ್ಟೋ ಕಾಲವಾದವಳು ಬಂದು ಕಾಡುತ್ತಾಳೆ ಎನಿಸಿದ್ದು ಈ ಅಂತರದಿಂದ. ‘ಕ್ಷಯ’ ಎಂಬ ನಮ್ಮ ಮಾತಿನಲ್ಲೂ ಸವೆಯುವುದು, ಕರಗುವುದು ಎಂಬ ಅರ್ಥವೇ ಇದೆ. ಒಳಗಿನಿಂದ ಏನೋ ತಿನ್ನುತ್ತಿದೆ ಎಂದು ಎಲ್ಲ ಕಡೆಯವರಿಗೂ ಅನ್ನಿಸಿದೆ.

ಪೋಲೆಂಡಿನ ದ್ರಾವ್‌ಸ್ಕೋ ಎಂಬಲ್ಲಿ ಹದಿನೇಳು, ಹದಿನೆಂಟನೆಯ ಶತಮಾನದ ಸ್ಮಶಾನದಲ್ಲಿ ಕತ್ತಿನ ಮೇಲೆ ಕುಡುಗೋಲಿಟ್ಟು ಹೂತ ಅಸ್ಥಿಪಂಜರಗಳು ಸಿಕ್ಕಿವೆ. ಎದ್ದರೆ ಕತ್ತು ಕೊಯ್ಯಲಿ ಎಂಬ ಎಚ್ಚರಿಕೆ ಅದು. ಅವರು ಹೊರಗಿನಿಂದ ಬಂದ ಪರಕೀಯರಿರಬೇಕು ಎಂಬ ಊಹೆಯಿತ್ತು. ಹಲ್ಲಿನಲ್ಲಿ ಉಳಿದ ಸ್ಟ್ರಾನ್ಷಿಯಂ ಧಾತುವಿನ ಐಸೊಟೋಪುಗಳ ಅನುಪಾತ ನೋಡಿದರೆ, ಬಾಲ್ಯದಲ್ಲಿ ಯಾವ ನೆಲದ ನೀರು, ಕಾಳು ಉಂಡವರು ಎಂದು ತಿಳಿಯುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವರು ಅದೇ ಸೀಮೆಯವರು. ಅಲ್ಲಿಯ ಜನ ಹೆದರಿದ್ದು ತಮ್ಮವರಿಗೇ.

ರಕ್ತಪಿಶಾಚಿಗಳೆಂದರೆ ಪೋರ್ಫೀರಿಯಾ ಎಂಬ ಅಪರೂಪದ ರಕ್ತದ ಕಾಯಿಲೆಯವರು, ಅದಕ್ಕೇ ಬಿಸಿಲಿಗೆ ಹೆದರುತ್ತಿದ್ದರು ಎಂಬ ವಾದ 1985ರಿಂದ ಚಲಾವಣೆಯಲ್ಲಿದೆ. ಇದು ತಪ್ಪು. ಬಿಸಿಲಿಗೆ ಸಾಯುವ ಪಿಶಾಚಿ 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ದಿಂದ ಬಂದದ್ದು, ಮೆದ್ವೆಜದಿಂದಲ್ಲ. ಮೊದಲೇ ನೋವುಣ್ಣುವ ರೋಗಿಗಳಿಗೆ ಈ ಹಣೆಪಟ್ಟಿ ಮತ್ತೊಂದು ಹೊರೆಯಾಗಿದೆ.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇಂದು ಭಾರತದಲ್ಲಿದ್ದಾರೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ಗುಣವಾಗುತ್ತದೆ. ಒಬ್ಬರಿಗೆ ರೋಗ ಪತ್ತೆಯಾದರೆ ಜೊತೆಗಿರುವವರನ್ನೂ ಪರೀಕ್ಷಿಸಿ, ರೋಗವಿಲ್ಲದವರಿಗೂ ಮುನ್ನೆಚ್ಚರಿಕೆಯ ಮದ್ದು ಕೊಡುವ ವ್ಯವಸ್ಥೆಯಿದೆ. ಅದಕ್ಕಾಗಿ ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬರುತ್ತಾಳೆ. ಈ ಮನೆಯಲ್ಲಿ ಇನ್ನೂ ಯಾರ್ಯಾರಿದ್ದೀರಿ, ಒಂದೇ ಕೋಣೆಯಲ್ಲಿ ಮಲಗುತ್ತೀರಾ, ಯಾರಿಗಾದರೂ ಕೆಮ್ಮಿದೆಯಾ ಎಂದು ಕೇಳುತ್ತಾಳೆ. ಅವಳ ಪುಸ್ತಕದಲ್ಲಿ ಹೆಸರುಗಳು ಒಂದರ ಕೆಳಗೊಂದು ಇಳಿಯುತ್ತವೆ: ಅಮ್ಮ, ಅಕ್ಕ, ತಂಗಿ, ಅಣ್ಣ.