ಎಣ್ಣೆಯ ಕೊಂಡಿ ಬಿಡಿಸುವ ಟಂಗ್‌ಸ್ಟನ್

ಸುಗ್ಗಿಯ ದಿನಗಳಲ್ಲಿ ಆದವಾನಿಯ ಮಾರುಕಟ್ಟೆಗೆ ಹತ್ತಿ, ಶೇಂಗಾ, ಔಡಲಗಳ ರಾಶಿ ಬಂದು ಬೀಳುತ್ತದೆ. ಹತ್ತಿ ಜಿನ್ನಿಂಗ್ ಗಿರಣಿಗೆ ಹೋಗುತ್ತದೆ. ಅದರ ಬೀಜವೂ ಶೇಂಗಾವೂ ಎಣ್ಣೆಯ ಗಿರಣಿಯನ್ನು ಸೇರುತ್ತವೆ. ಎಣ್ಣೆ ಡಬ್ಬಿಯನ್ನು ತುಂಬಿ, ಹಿಂಡಿ ದನಗಳ ಮೇವಾಗುವಲ್ಲಿಗೆ ಈ ಸೀಮೆಯ ಕೈಗಾರಿಕೆಯ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಆದರೆ ರಸಾಯನಶಾಸ್ತ್ರದ ಕಣ್ಣಿನಲ್ಲಿ ಎಣ್ಣೆಯ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ. ಆ ಕಥೆಯಲ್ಲಿ ಬಹು ಮುಖ್ಯವಾದ ಪಾತ್ರ ವಹಿಸಿರುವ ಲೋಹ ಟಂಗ್‌ಸ್ಟನ್.

ಹಳೆಯ ವಿದ್ಯುದ್ದೀಪದ ಬುರುಡೆಯೊಳಗೆ ಹೊಳೆಯುತ್ತಿದ್ದ ತಂತಿಯಿಂದ ಈ ಲೋಹ ಎಲ್ಲರಿಗೂ ಪರಿಚಿತ. ಅದು ಕರಗಲು 3,422 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು; ಲೋಹಗಳಲ್ಲಿ ಇದಕ್ಕಿಂತ ಹೆಚ್ಚಿನ ಕರಗುಬಿಂದು ಇನ್ನೊಂದಕ್ಕಿಲ್ಲ. ಸ್ವೀಡಿಷ್ ಭಾಷೆಯಲ್ಲಿ ಅದರ ಹೆಸರಿಗೆ ‘ಭಾರವಾದ ಕಲ್ಲು’ ಎಂದರ್ಥ. 1781ರಲ್ಲಿ ಷೀಲೆ ಅದರ ಆಕ್ಸೈಡನ್ನು ಗುರುತಿಸಿದನು. 1783ರಲ್ಲಿ ಸ್ಪೇನಿನ ಎಲುಯಾರ್ ಸೋದರರು ಲೋಹವನ್ನೇ ಬೇರ್ಪಡಿಸಿದರು.

ಟಂಗ್‌ಸ್ಟನ್ ಪರಮಾಣುವಿನಲ್ಲಿ ಬಂಧಕ್ಕೆ ಒದಗುವ ಎಲೆಕ್ಟ್ರಾನುಗಳು ಆರು. ಆ ಆರನ್ನೂ ಆಮ್ಲಜನಕ, ಕ್ಲೋರಿನ್‌ನಂತಹ ಧಾತುಗಳಿಗೆ ಒಪ್ಪಿಸಿದಾಗ ಅದು +6 ಎಂಬ ಅತ್ಯುನ್ನತ ಉತ್ಕರ್ಷಣ ಸ್ಥಿತಿಯನ್ನು ತಲುಪುತ್ತದೆ. ಹಳದಿ ಪುಡಿಯಾದ ಟಂಗ್‌ಸ್ಟನ್ ಟ್ರೈಆಕ್ಸೈಡ್, ಕಡುನೀಲಿ ಹರಳಿನ ಹೆಕ್ಸಾಕ್ಲೋರೈಡ್, ನೀರಿನಲ್ಲಿ ಕರಗುವ ಬಿಳಿಯ ಸೋಡಿಯಂ ಟಂಗ್‌ಸ್ಟೇಟ್ ಇವೆಲ್ಲ ಆ ಸ್ಥಿತಿಯ ಸಂಯುಕ್ತಗಳು. ತನ್ನದೆಲ್ಲವನ್ನೂ ಕೊಟ್ಟ ಪರಮಾಣುವಿನಲ್ಲಿ ಬರಿದಾದ ಕಕ್ಷಕಗಳು ಉಳಿಯುತ್ತವೆ. ಇತರ ಅಣುಗಳು ಅಲ್ಲಿ ಬಂದು ನೆಲೆಯೂರಿ, ರೂಪ ಬದಲಿಸಿ, ಹೊರಟುಹೋಗಬಲ್ಲವು. ಇದೇ ವೇಗವರ್ಧಕದ ಗುಣ.

ಎಣ್ಣೆಗೂ ಈ ಗುಣಕ್ಕೂ ನಂಟು ಹೇಗೆ? ಶೇಂಗಾ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಒಲೀಯಿಕ್ ಆಮ್ಲ. ಹೊಂಗೆ ಎಣ್ಣೆಯಲ್ಲಿಯೂ ಅದೇ ಪ್ರಧಾನ. ಅದು 18 ಇಂಗಾಲಗಳ ಸರಪಳಿ. ಅದರ ನಡುಮಧ್ಯದಲ್ಲಿ, 9 ಮತ್ತು 10ನೆಯ ಇಂಗಾಲಗಳ ನಡುವೆ, ಒಂದು ದ್ವಿಬಂಧವಿದೆ. ಸರಪಳಿಯಲ್ಲಿ ಬಿಡಿಸಬಹುದಾದ ಕೊಂಡಿ ಅದು. ಟಂಗ್‌ಸ್ಟನ್ ಆ ಕೊಂಡಿಯ ಮೇಲೆ ಎರಡು ಬಗೆಯಲ್ಲಿ ಕೆಲಸಮಾಡುತ್ತದೆ.

ಮೊದಲನೆಯದು ದ್ವಿಬಂಧಗಳ ಅದಲುಬದಲು. ಶಾಸ್ತ್ರದಲ್ಲಿ ಇದಕ್ಕೆ ಮೆಟಾಥೆಸಿಸ್ ಎಂದು ಹೆಸರು. ಕೋಲಾಟದಲ್ಲಿ ಜೋಡಿಗಳು ಎದುರುಬದುರಾಗಿ ಬಂದು ಜೊತೆಗಾರರನ್ನು ಬದಲಿಸಿಕೊಂಡು ಮುಂದೆ ಸಾಗುವ ಹಾಗೆ, ಎರಡು ಅಣುಗಳು ತಮ್ಮ ಅರ್ಧಭಾಗಗಳನ್ನು ಬದಲಿಸಿಕೊಳ್ಳುತ್ತವೆ. ಒಂದು ಇಂಗಾಲವನ್ನು ದ್ವಿಬಂಧದಿಂದ ಹಿಡಿದ ಲೋಹ ಇನ್ನೊಂದು ದ್ವಿಬಂಧವನ್ನು ಸಂಧಿಸಿ, ನಾಲ್ಕು ಪರಮಾಣುಗಳ ಉಂಗುರವಾಗಿ, ಬೇರೊಂದು ದಿಕ್ಕಿನಲ್ಲಿ ಒಡೆಯುತ್ತದೆ ಎಂದು ಫ್ರಾನ್ಸಿನ ಈವ್ ಶೋವಾನ್ 1971ರಲ್ಲಿ ವಿವರಿಸಿದರು. ಅಂತಹ ಟಂಗ್‌ಸ್ಟನ್ ಮತ್ತು ಮಾಲಿಬ್ಡಿನಂ ಸಂಕೀರ್ಣಗಳನ್ನು ಅಮೆರಿಕದ ರಿಚರ್ಡ್ ಶ್ರಾಕ್ ಉದ್ದೇಶಪೂರ್ವಕವಾಗಿ ರಚಿಸಿ ತೋರಿಸಿದರು. ಇವರಿಬ್ಬರಿಗೂ ರಾಬರ್ಟ್ ಗ್ರಬ್ಸ್ ಅವರಿಗೂ 2005ರ ನೊಬೆಲ್ ಪ್ರಶಸ್ತಿ ಸಂದಿತು.

ತತ್ತ್ವ ತಿಳಿಯುವುದಕ್ಕೆ ಮೊದಲೇ ಕಾರ್ಖಾನೆ ಎದ್ದಿತ್ತು. 1966ರಲ್ಲಿ ಕೆನಡಾದಲ್ಲಿ ಸಿಲಿಕಾದ ಮೇಲೆ ಹರಡಿದ ಟಂಗ್‌ಸ್ಟನ್ ಆಕ್ಸೈಡಿನಿಂದ ಪ್ರೊಪಿಲೀನನ್ನು ಎಥಿಲೀನ್ ಮತ್ತು ಬ್ಯೂಟೀನ್‌ಗಳಾಗಿ ಮಾರ್ಪಡಿಸುವ ಘಟಕ ಆರಂಭವಾಯಿತು. ಇಂದು ಜಗತ್ತಿನ ಹಲವು ಘಟಕಗಳಲ್ಲಿ ಅದೇ ಕ್ರಿಯೆ ಹಿಮ್ಮುಖವಾಗಿ ನಡೆದು ಪ್ರೊಪಿಲೀನ್ ತಯಾರಾಗುತ್ತದೆ. ಹಿಂಡಿಯನ್ನೂ ಗೊಬ್ಬರವನ್ನೂ ತುಂಬುವ ಪ್ಲಾಸ್ಟಿಕ್ ಚೀಲ ಆ ಪ್ರೊಪಿಲೀನಿನಿಂದಲೇ ಆಗುವಂಥದು.

ಎಣ್ಣೆಯ ಸರದಿ 1972ರಲ್ಲಿ ಬಂದಿತು. ಟಂಗ್‌ಸ್ಟನ್ ಹೆಕ್ಸಾಕ್ಲೋರೈಡಿಗೆ ತವರದ ಸಂಯುಕ್ತವೊಂದನ್ನು ಕೂಡಿಸಿ, ಒಲೀಯಿಕ್ ಆಮ್ಲದ ಎಸ್ಟರಿನ ಮೇಲೆ ಈ ಕ್ರಿಯೆಯನ್ನು ನಡೆಸಬಹುದೆಂದು ಹಾಲೆಂಡಿನ ವಿಜ್ಞಾನಿಗಳು ತೋರಿಸಿದರು. ಅರ್ಧ ಎಸ್ಟರು ಹಾಗೆಯೇ ಉಳಿದು, ಕಾಲುಭಾಗ ಹೈಡ್ರೋಕಾರ್ಬನ್ನಾಗಿ, ಇನ್ನು ಕಾಲುಭಾಗ ಎರಡೂ ತುದಿಗಳಲ್ಲಿ ಎಸ್ಟರುಳ್ಳ ಉದ್ದನೆಯ ಅಣುವಾಗಿ ನಿಲ್ಲುತ್ತದೆ. ಆ ಉದ್ದನೆಯ ಅಣುವಿನಿಂದ ಪಾಲಿಮರುಗಳನ್ನೂ ಸುಗಂಧದ್ರವ್ಯಗಳನ್ನೂ ಕಟ್ಟಬಹುದು.

ಆದರೆ ಈ ದಾರಿ ಸುಲಭದ್ದಲ್ಲ. ಹೆಕ್ಸಾಕ್ಲೋರೈಡಿಗೆ ಗಾಳಿಯ ತೇವವೇ ಶತ್ರು. ತೇವ ತಗುಲಿದರೆ ಆಮ್ಲದ ಹೊಗೆಯಾಡಿ ಕೆಡುತ್ತದೆ. ಔಡಲದ ಎಣ್ಣೆಯಲ್ಲಿ ಆಮ್ಲಜನಕ ಮತ್ತು ಜಲಜನಕ ಜೊತೆಗೂಡಿದ ಹೈಡ್ರಾಕ್ಸಿಲ್ ಗುಂಪು ಇರುವುದರಿಂದ ಅದು ಇಂತಹ ವೇಗವರ್ಧಕವನ್ನು ಕೊಲ್ಲುತ್ತದೆ. ಗಾಣದಿಂದ ಇಳಿದ ಎಣ್ಣೆಯನ್ನು ತಂದು ಸುರಿಯುವಂತಿಲ್ಲ; ಅದನ್ನು ಎಸ್ಟರಾಗಿಸಿ, ಶುದ್ಧಿಮಾಡಿ, ಒಣಗಿಸಬೇಕು.

ಎರಡನೆಯ ಬಗೆ ಊರಿನ ಕೈಗಾರಿಕೆಗೆ ಹೆಚ್ಚು ಹತ್ತಿರದ್ದು. ಹತ್ತಿಬಟ್ಟೆಯನ್ನು ಬಿಳುಪು ಮಾಡಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್ +6 ಸ್ಥಿತಿಯ ಟಂಗ್‌ಸ್ಟನ್ನಿಗೆ ಅಂಟಿಕೊಳ್ಳುತ್ತದೆ. ಲೋಹ ಈಗಾಗಲೇ ಉತ್ಕರ್ಷಣೆಯ ಶಿಖರದಲ್ಲಿರುವುದರಿಂದ ಪೆರಾಕ್ಸೈಡು ಅದನ್ನು ಮತ್ತೆ ಉತ್ಕರ್ಷಿಸಲಾರದು. ಅದರ ಒಂದು ಆಮ್ಲಜನಕ ಎಣ್ಣೆಯ ದ್ವಿಬಂಧಕ್ಕೆ ದಾಟಿ, ಅಲ್ಲಿ ಮೂರು ಪರಮಾಣುಗಳ ಉಂಗುರ ಮೂಡುತ್ತದೆ. ಇದೇ ಎಪಾಕ್ಸೈಡ್, ಪಿವಿಸಿ ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಬೇಕಾಗುವ ವಸ್ತು. ಟಂಗ್‌ಸ್ಟನ್, ಫಾಸ್ಫೇಟು ಮತ್ತು ಪೆರಾಕ್ಸೈಡುಗಳ ಕೂಟದಿಂದ ಇದನ್ನು ಸಾಧಿಸುವ ವಿಧಾನವನ್ನು ಇಟಲಿಯ ವೆಂಚುರೆಲ್ಲೊ 1983ರಲ್ಲಿ ಪ್ರಕಟಿಸಿದರು. 1998ರಲ್ಲಿ ಜಪಾನಿನ ನೊಯೊರಿ ಮತ್ತು ಸಂಗಡಿಗರು ಸೋಡಿಯಂ ಟಂಗ್‌ಸ್ಟೇಟಿನ ನೆರವಿನಿಂದ, ನೈಲಾನಿನ ಮೂಲವಸ್ತುವಾದ ಅಡಿಪಿಕ್ ಆಮ್ಲವನ್ನು ನೈಟ್ರಿಕ್ ಆಮ್ಲವಿಲ್ಲದೆ ತಯಾರಿಸಿದರು. ಪೆರಾಕ್ಸೈಡಿನಿಂದ ಕೊನೆಗೆ ಉಳಿಯುವುದು ನೀರು ಮಾತ್ರ. ಬೇಸಿಗೆಯಲ್ಲಿ ನೀರಿಗೆ ತತ್ತರಿಸುವ ಸೀಮೆಗೆ ಕೊಳಚೆ ಕಡಿಮೆಯಾದ ವಿಧಾನದ ಬೆಲೆ ತಿಳಿಯದ್ದಲ್ಲ.

ಇನ್ನು ಲೋಹದ ಮಾತು. ಟಂಗ್‌ಸ್ಟನ್ನಿನ ಮುಖ್ಯ ಅದಿರುಗಳಲ್ಲೊಂದಾದ ಶೀಲೈಟ್ ಕೋಲಾರದ ಚಿನ್ನದ ಅದಿರಿನಲ್ಲಿಯೂ, ಆದವಾನಿಯಿಂದ ರಾಯಚೂರು ದಾಟಿದರೆ ಸಿಗುವ ಹಟ್ಟಿಯ ಅದಿರಿನಲ್ಲಿಯೂ ಬೆರೆತಿದೆ. ನೇರಳಾತೀತ ಬೆಳಕು ಬಿದ್ದರೆ ಅದು ನೀಲಿಬಿಳುಪಾಗಿ ಹೊಳೆಯುತ್ತದೆ. ಚಿನ್ನ ತೆಗೆದು ಉಳಿದ ಕೋಲಾರದ ಸೈನೈಡ್ ದಿಬ್ಬಗಳಿಂದ ಅದನ್ನು ಬೇರ್ಪಡಿಸುವ ಕೆಲಸ ಹಿಂದೆ ನಡೆದಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು. ಈಗ ದೇಶ ಟಂಗ್‌ಸ್ಟನ್ನಿಗಾಗಿ ಆಮದನ್ನೇ ನೆಚ್ಚಿದೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಅದೂ ಸೇರಿದೆ.

ಉಣ್ಣುವ ಶೇಂಗಾ ಎಣ್ಣೆಯನ್ನು ಪ್ಲಾಸ್ಟಿಕ್ಕಿಗೆ ಸುರಿಯಬೇಕೆಂದು ಯಾರೂ ಹೇಳಲಾರರು. ಬದುಗಳಲ್ಲಿ ಉದುರಿ ಮಣ್ಣಾಗುವ ಹೊಂಗೆಬೀಜ, ಶುದ್ಧೀಕರಣಕ್ಕೆ ಮುನ್ನ ಅಡುಗೆಗೆ ಒದಗದ ಹತ್ತಿಬೀಜದ ಎಣ್ಣೆ ಇವುಗಳಿಂದ ಪ್ರಯೋಗ ಆರಂಭವಾಗಬಹುದು. ಅದಕ್ಕೆ ಬೇಕಾದ ಸೋಡಿಯಂ ಟಂಗ್‌ಸ್ಟೇಟ್ ಕಾಲೇಜಿನ ಪ್ರಯೋಗಶಾಲೆಗೂ ತರಿಸಬಹುದಾದ ವಸ್ತು. ಕೆಲಸ ಮುಗಿದ ಮೇಲೆ ಅದನ್ನು ಚರಂಡಿಗೆ ಬಿಡದೆ ಮರಳಿ ಹಿಡಿದು ಬಳಸುವುದೇ ಕಠಿಣವಾದ ಭಾಗ. ಎಣ್ಣೆಯನ್ನು ಎಣ್ಣೆಯಾಗಿಯೇ ಮಾರುವ ಊರಿಗೆ ಸಿಗುವುದು ಎಣ್ಣೆಯ ಬೆಲೆ. ಅದರ ಕೊಂಡಿಯನ್ನು ಬಿಡಿಸಬಲ್ಲ ಕೈ ಊರಿನಲ್ಲಿಯೇ ಸಿದ್ಧವಾದರೆ, ದೂರದ ಕಾರ್ಖಾನೆಗಳು ಪಡೆಯುವ ಲಾಭದಲ್ಲಿ ಒಂದು ಪಾಲು ಬೀಜ ಬೆಳೆದ ರೈತನ ಕಡೆಗೂ ಬರಬಲ್ಲದು.