ಭಾನುವಾರದ ಸೈಕಲ್ ಸೋಮವಾರ ಎಲ್ಲಿ ಹೋಯ್ತು?

ಮೈಸೂರು: ಟೀ ಶರ್ಟು, ಬಾವುಟ, ಫೋಟೋ, ಕೊನೆಗೆ ಬಿಸಿ ಬಿಸಿ ಉಪ್ಪಿಟ್ಟು. ಸೈಕಲ್ ಜಾಥಾ ಅಂದರೆ ಇಷ್ಟೇ ಅಂತ ಬಹಳ ಮಂದಿ ತಿಳಿದುಬಿಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತು ಕಿಲೋಮೀಟರ್ ತುಳಿದ ಮಹನೀಯರು ಸೋಮವಾರ ಮೂಲೆ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಸ್ಕೂಟರ್ ಏರುತ್ತಾರೆ!

ಸೈಕಲ್ ಈ ಊರಿಗೆ ಹೊಸದೇನಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೈಕಲ್ ಶಾಪುಗಳಿದ್ದ ಕಾಲ ಹಿರಿಯರಿಗೆ ನೆನಪಿದೆ. ರಾತ್ರಿ ದೀಪವಿಲ್ಲದೆ ಹೊರಟರೆ, ಡಬಲ್ ರೈಡ್ ಹೋದರೆ ಪೊಲೀಸಪ್ಪ ಅಡ್ಡ ಹಾಕುತ್ತಿದ್ದದ್ದೂ ಅವರಿಗೆ ಗೊತ್ತು. ಆ ಬಾಡಿಗೆ ಸೈಕಲ್ಲೇ 2017ರ ಜೂನ್‌ನಲ್ಲಿ ಹೊಸ ವೇಷ ತೊಟ್ಟು ‘ಟ್ರಿಣ್ ಟ್ರಿಣ್’ ಆಗಿ ಬಂತು. ಆರಂಭದಲ್ಲಿ 450 ಸೈಕಲ್, 48 ನಿಲ್ದಾಣ. ಒಂದು ಕಡೆ ಎತ್ತಿಕೊಳ್ಳಿ, ಇನ್ನೊಂದು ಕಡೆ ಬಿಡಿ ಅನ್ನುವ ಲೆಕ್ಕ.

ಊರೂರಿಗೇ ಪಂಥ

2020ರಲ್ಲಿ ಕೊರೊನಾ ಬಂದು ಬಸ್ಸು ನಿಂತಾಗ ಮೂಲೆ ಸೇರಿದ್ದ ಸೈಕಲ್‌ಗಳ ಧೂಳು ಕೊಡವಲಾಯಿತು. ಅದೇ ಜೂನ್‌ನಲ್ಲಿ ಕೇಂದ್ರದ ನಗರ ವ್ಯವಹಾರಗಳ ಮಂತ್ರಾಲಯ ‘ಇಂಡಿಯಾ ಸೈಕಲ್ಸ್ ಫಾರ್ ಚೇಂಜ್’ ಎಂಬ ಪಂಥ ಒಡ್ಡಿತು. ಯಾರು ಬೇಗ ತುಳಿದರು ಅನ್ನುವ ಓಟವಲ್ಲ ಇದು. ಸೈಕಲ್ ತುಳಿಯುವವರ ಕಷ್ಟ ಕೇಳಿ, ರಸ್ತೆಯಲ್ಲಿ ಅವರಿಗೊಂದು ಪಟ್ಟಿ ಬಿಟ್ಟು ತೋರಿಸಿ ಅಂತ ನಗರಗಳಿಗೇ ಹಾಕಿದ ಸವಾಲು. ನೂರಕ್ಕೂ ಹೆಚ್ಚು ನಗರಗಳು ಹೆಸರು ಬರೆಸಿದವು. 2021ರಲ್ಲಿ ಗೆದ್ದ 11ರಲ್ಲಿ ಬೆಂಗಳೂರೂ ಒಂದು. ಬಹುಮಾನ ತಲಾ ಒಂದು ಕೋಟಿ.

ಬಹುಮಾನವೇನೋ ಬಂತು, ತುಳಿಯುವವನಿಗೆ ಏನು ಸಿಕ್ಕಿತು? ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದರು. ಆ ಪಥಕ್ಕೂ ಮೋಟಾರ್ ಬೈಕ್‌ಗಳು ನುಗ್ಗಿದವು, ಗೂಟಗಳು ಮುರಿದವು. ದಾರಿ ಮಾಡಿದರೆ ಸಾಲದು, ಕಾಯಬೇಕು ಅನ್ನುವ ಪಾಠ ಅಲ್ಲಿಂದ ಕಲಿಯಬೇಕಾದದ್ದು.

ಪದಕವಿಲ್ಲದ ಸವಾರರು

2011ರ ಜನಗಣತಿ ನೋಡಿ. ದೇಶದ ನೂರರಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಬೇಸಾಯ, ಮನೆಗೈಗಾರಿಕೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ ಸುಮಾರು 13 ಮಂದಿ ಸೈಕಲ್‌ನಲ್ಲೇ ಹೋಗುತ್ತಿದ್ದರು. ಹಾಲಿನವನು, ಪೇಪರ್ ಹುಡುಗ, ಗಾರೆ ಕೆಲಸದವನು ಇವರಿಗೆ ಯಾರೂ ಪಂಥ ಒಡ್ಡಿಲ್ಲ, ಪದಕ ತೊಡಿಸಿಲ್ಲ. ಸಂಜೆ ಹೊತ್ತು ಲಾರಿ ಪಕ್ಕದಲ್ಲಿ ಜೀವ ಕೈಲಿ ಹಿಡಿದು ಮನೆ ಸೇರುವವರು ಇವರೇ. ಸೈಕಲ್ ಪಂಥಕ್ಕೆ ಅರ್ಥ ಬರಬೇಕಾದರೆ ಮೊದಲು ಇವರ ದಾರಿ ಸುರಕ್ಷಿತ ಆಗಬೇಕು.

ಬೀದಿಗೊಂದು ಸ್ಲೇಟು

ದೊಡ್ಡ ಪಂಥಕ್ಕೆ ಕಾಯಬೇಕಿಲ್ಲ, ಬೀದಿಯವರೇ ಸೇರಿ ನಡೆಸಬಹುದು. ಒಂದು ಅಂಗಡಿ ಮುಂದೆ ಸ್ಲೇಟು ತೂಗುಹಾಕಿ. ಕೆಲಸದ ಮೇಲೆ ಸೈಕಲ್‌ನಲ್ಲಿ ಹೋಗಿ ಬಂದವರು ಹೆಸರಿನ ಮುಂದೆ ಒಂದು ಗೆರೆ ಎಳೆಯಲಿ. ಎಷ್ಟು ದೂರ, ಎಷ್ಟು ವೇಗ ಅನ್ನುವ ಲೆಕ್ಕ ಬೇಡ, ಎಷ್ಟು ಸಲ ಅನ್ನುವುದಷ್ಟೇ ಸಾಕು. ಆಗ ಅರವತ್ತರ ಅಜ್ಜನೂ ಗೆಲ್ಲಬಹುದು, ಎಂಟನೇ ಕ್ಲಾಸಿನ ಹುಡುಗಿಯೂ ಗೆಲ್ಲಬಹುದು.

ಲಾಭವೇನು ಅಂತೀರಾ? ಮನೆಯಿಂದ ಅಂಗಡಿಗೆ ಮೂರು ಕಿಲೋಮೀಟರ್ ಇದ್ದರೆ ಹೋಗಿ ಬರಲು ಆರು. ತಿಂಗಳಿಗೆ 25 ದಿನಕ್ಕೆ 150. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿಗೆ ಮೂರು ಲೀಟರಿನ ಮೇಲೆ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ ಮುನ್ನೂರರ ಮೇಲಾಯಿತು. ಅಷ್ಟು ದೂರವನ್ನು ನಿಧಾನವಾಗಿ ತುಳಿದರೂ ಕಾಲು ಗಂಟೆ ಸಾಕು.

ಬಸ್ಸಿನವರದ್ದು ಬೇರೆ ಗೋಳು. ಟಿಕೆಟ್ ದುಡ್ಡಿಗಿಂತ ಸ್ಟ್ಯಾಂಡಿಗೆ ಬರೋ ಆಟೋ ದುಡ್ಡೇ ಜಾಸ್ತಿ! ಬಸ್ ಸ್ಟ್ಯಾಂಡ್ ಪಕ್ಕ ನೆರಳಲ್ಲಿ ಬೀಗ ಹಾಕಿ ಬಿಟ್ಟುಹೋಗುವ ಜಾಗ ಸಿಕ್ಕರೆ ಎಷ್ಟೋ ಮಂದಿ ಸೈಕಲ್‌ನಲ್ಲೇ ಬಂದಾರು. ಅದನ್ನು ಕೊಡಬೇಕಾದವರು ಕೊಡಲಿ.

‘ಸೈಕಲ್‌ನಲ್ಲಿ ಬರೋ ಗಿರಾಕಿ ಏನು ಮಹಾ ಕೊಳ್ತಾನೆ?’ ಅಂತ ಗಲ್ಲಾ ಮೇಲೆ ಕೂತವರು ಮೂಗು ಮುರಿಯಬಾರದು. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು-ಹತ್ತು ಸೈಕಲ್ ನಿಲ್ಲುತ್ತವೆ. ಎಂಟು ಗಿರಾಕಿ ದೊಡ್ಡದೋ, ಒಬ್ಬ ಗಿರಾಕಿ ದೊಡ್ಡದೋ? ವ್ಯಾಪಾರಸ್ಥರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಅಂಗಡಿ ಮುಂದೆ ರಸ್ತೆಯ ಎಡ ಅಂಚಿಗೆ ಮೂಟೆ, ಬೋರ್ಡು ಇಡದಿದ್ದರೆ ಅದೇ ಅವರು ಪಂಥಕ್ಕೆ ಕೊಡುವ ಕಾಣಿಕೆ.

ಸೇರುವವರು ಮೊದಲು ಮಾಡಬೇಕಾದ್ದು ಇಷ್ಟೇ: ಅಟ್ಟದ ಮೇಲಿನ ಸೈಕಲ್ ಇಳಿಸಿ, ಟೈರಿಗೆ ಗಾಳಿ, ಚೈನಿಗೆ ಎಣ್ಣೆ. ಎರಡೂ ಬ್ರೇಕ್ ಹಿಡಿಯುತ್ತವೆಯೋ ನೋಡಿ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ಇರಲಿ.

ಶುರು ಮಾಡಲು ಭಾನುವಾರ ಬೇಡ. ಸೋಮವಾರವೇ ಆಗಲಿ!