ಶಸ್ತ್ರ ಸೋತಲ್ಲಿ ಸೂಜಿ ಗೆದ್ದಿತು

ಎದುರಿಗೆ ಕುಳಿತ ಮೊಮ್ಮಗಳ ಜಡೆ ಕಾಣುತ್ತದೆ, ಲಂಗದ ಅಂಚು ಕಾಣುತ್ತದೆ; ಮುಖವಿರಬೇಕಾದಲ್ಲಿ ಮಾತ್ರ ಮಸುಕು ಮಚ್ಚೆ! ಮುಪ್ಪಿನಲ್ಲಿ ಕೆಲವರ ಕಣ್ಣಿಗೆ ಒದಗುವ ವಿಪತ್ತಿದು.

ಅಕ್ಷಿಪಟಲದ ನಟ್ಟನಡುವೆ ಮ್ಯಾಕುಲಾ ಎಂಬ ಸಣ್ಣ ಭಾಗವಿದೆ. ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಅದೇ ಆಧಾರ. ಅದರಡಿಯಲ್ಲಿ ಬೇಡದ ರಕ್ತನಾಳಗಳು ಕಳೆಯಂತೆ ಹಬ್ಬಿ, ನೀರೂ ನೆತ್ತರೂ ಒಸರಿ, ನೋಟದ ನಡುಭಾಗವೇ ಅಳಿಸಿಹೋಗುತ್ತದೆ.

ಕಳೆಯನ್ನು ಕಿತ್ತೊಗೆದರಾಯಿತಲ್ಲವೆ? ಅಮೆರಿಕದ ಶಸ್ತ್ರವೈದ್ಯರಿಗೂ ಹಾಗೆಯೇ ತೋರಿತು. 1990ರ ದಶಕದಲ್ಲಿ ಅವರು ಕಣ್ಣೊಳಗಿನ ಲೋಳೆಯನ್ನು ತೆಗೆದು, ಅಕ್ಷಿಪಟಲದಲ್ಲಿ ಸೂಕ್ಷ್ಮ ರಂಧ್ರ ಮಾಡಿ, ನವಿರಾದ ಚಿಮುಟದಿಂದ ಆ ನಾಳಗಳನ್ನು ಹೊರಕ್ಕೆಳೆದರು. ಕೈಚಳಕವೇನೋ ಅದ್ಭುತ, ರೋಗಿಗೆ ಲಾಭವಾಯಿತೆ?

ಅದನ್ನರಿಯಲು 1997ರಲ್ಲಿ ಅಲ್ಲಿನ ಹಲವು ಆಸ್ಪತ್ರೆಗಳು ಕೂಡಿ ಪರೀಕ್ಷೆಗೆ ತೊಡಗಿದವು. ಮುಪ್ಪಿನಿಂದ ಈ ರೋಗ ಬಂದ 454 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆ. ಉಳಿದವರ ಮೇಲೆ ಬರಿಯ ನಿಗಾ. 2004ರಲ್ಲಿ ಫಲಿತಾಂಶ ಹೊರಬಿದ್ದಾಗ ಎರಡು ಗುಂಪುಗಳ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ! ನಾಳಗಳೊಡನೆ ಅಕ್ಷಿಪಟಲವನ್ನು ಪೋಷಿಸುವ ಜೀವಕೋಶಗಳೂ ಕಿತ್ತುಬರುತ್ತಿದ್ದವು. ತಮ್ಮದೇ ಕೌಶಲದ ಸೋಲನ್ನು ವೈದ್ಯರು ಮುಚ್ಚಿಡದೆ ಪ್ರಕಟಿಸಿದರು.

ಪರಿಹಾರ ಬೇರೆಡೆ ಇತ್ತು. ನಾಳಗಳನ್ನು ಬೆಳೆಸುವ ಪ್ರೋಟೀನನ್ನೇ ತಡೆಯುವ ರಾನಿಬಿಜುಮಾಬ್ ಎಂಬ ಔಷಧಿಗೆ 2006ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಇಂದು ಅಂಥ ಔಷಧಿಗಳನ್ನು ಸೂಜಿಯ ಮೂಲಕ ಕಣ್ಣಿನೊಳಕ್ಕೆ ಮತ್ತೆ ಮತ್ತೆ ಕೊಡುವುದೇ ಮುಖ್ಯ ಚಿಕಿತ್ಸೆ. ಹಲವರ ದೃಷ್ಟಿ ಉಳಿಯುತ್ತದೆ, ಕೆಲವರದು ಸುಧಾರಿಸುತ್ತದೆ. ತಡವಾದರೆ ಮಾತ್ರ ಕಳೆದದ್ದು ಮರಳುವುದು ಕಷ್ಟ.

ಆದುದರಿಂದ ಮನೆಯ ಹಿರಿಯರು ಆಗಾಗ ಒಂದೊಂದೇ ಕಣ್ಣನ್ನು ಮುಚ್ಚಿ ಬಾಗಿಲ ಚೌಕಟ್ಟನ್ನು ನೋಡಲಿ. ನೆಟ್ಟಗಿನ ಗೆರೆ ಡೊಂಕಾಗಿ ಕಂಡರೆ, ನಾಳೆಯೆನ್ನದೆ ಕಣ್ಣಿನ ವೈದ್ಯರ ಬಳಿಗೆ ಹೊರಡಬೇಕು.